ನಿಂತಿದೆಯೋ, ನಡೆಯುತ್ತಿದೆಯೋ

ಕಂಪ್ಯೂಟರ್ ರಿಪೇರಿಗೆ ಸೇರುತ್ತೇವೆ ಎನ್ನುವ ಮಕ್ಕಳು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಕೋರ್ಸ್ ಮಾಡಬೇಕು, ಯಾವ ಸರ್ಟಿಫಿಕೇಟಿಗೆ ಬೆಲೆ ಎಂದು ಕೇಳುತ್ತಾರೆ. ಅದೆಲ್ಲ ನನಗೆ ತಿಳಿಯದು. ನಾನು ಈ ಕೆಲಸಕ್ಕೆ ಬಂದಾಗ ಕೋರ್ಸೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ರೇಡಿಯೋ ಬಿಚ್ಚಿ ಜೋಡಿಸಲು ಬರುತ್ತದೆ ಎಂದದ್ದಕ್ಕೆ ಸೇರಿಸಿಕೊಂಡರು. ಹಾಗಾಗಿ ನಾನು ಹೇಳುವುದು ಒಂದೇ ಮಾತು: ಮೊದಲು ಕಾಯುವುದನ್ನು ಕಲಿಯಿರಿ. ಈ ಉತ್ತರ ಅವರಿಗೆ ಹಿಡಿಸುವುದಿಲ್ಲ. ಮುದುಕನಿಗೆ ಅರಳುಮರಳು ಎಂದುಕೊಂಡು ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಆದರೆ ನಾನು ನಿಜವಾಗಿ ಮಾಡಿದ ಕೆಲಸ ಅದೇ. ಪರದೆಯ ಮೇಲೆ, ಕೆಲಸ ಎಷ್ಟಾಯಿತೆಂದು ತೋರಿಸುವ ಒಂದು ಪಟ್ಟಿ ಅರ್ಧಕ್ಕೆ ಬಂದು ನಿಂತಿರುತ್ತದೆ. ಬೆನ್ನ ಹಿಂದೆ ಆಫೀಸಿನವರೆಲ್ಲ ಕೈಕಟ್ಟಿ ನಿಂತಿರುತ್ತಾರೆ. 'ಆಯ್ತಾ?' ಎನ್ನುತ್ತಾರೆ. 'ಆಗ್ತಾ ಇದೆ' ಎನ್ನುತ್ತೇನೆ. ಆಗುತ್ತಿದೆಯೋ ಇಲ್ಲವೋ ಆ ಕ್ಷಣದಲ್ಲಿ ನನಗೂ ಗೊತ್ತಿರುವುದಿಲ್ಲ. ನಡೆಯುತ್ತಿರುವುದನ್ನು ನಿಂತಿದೆ ಎಂದುಕೊಂಡು ಆಫ್ ಮಾಡಿದರೆ ಮಿಷನ್ ಕೆಟ್ಟಿತು. ನಿಂತದ್ದನ್ನು ನಡೆಯುತ್ತಿದೆ ಎಂದು ನಂಬಿ ಕೂತರೆ ದಿನ ಕೆಟ್ಟಿತು. ಈ ಎರಡರ ನಡುವೆಯೇ ನನ್ನ ಆಯುಸ್ಸು ಕಳೆಯಿತು. ಸುಸ್ತಾಗಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮೇಜಿನ ಕೆಳಗಿನ ಧೂಳು, ಬಸ್ಸಿನ ಹಿಂದಿನ ಸೀಟು, ಆರಿದ ಟೀ ಇವು ಮೂರೂ ಸೇರಿ ಮಾಡುವ ಸುಸ್ತು ನಿದ್ದೆಯಿಂದ ಹೋಗುವಂಥದ್ದಲ್ಲ.

ಮೈಸೂರಿನ ಒಂದು ಸಣ್ಣ ಸರ್ವಿಸ್ ಕಂಪನಿಯಲ್ಲಿ ನಾನಿದ್ದೆ. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕು ನನ್ನ ಪಾಲು. ತೊಂಬತ್ತರ ದಶಕದ ಆರಂಭದಲ್ಲಿ ಕಂಪ್ಯೂಟರ್ ಇಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಕೆಲವರು ಕೈಮುಗಿದೇ ಒಳಗೆ ಬರುತ್ತಿದ್ದರು. ಹೊಸ ಸಾಫ್ಟ್‌ವೇರ್ ಹಾಕಬೇಕೆಂದರೆ ಫ್ಲಾಪಿಗಳ ಕಂತೆಯನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿ, ಒಂದಾದ ಮೇಲೊಂದು ತೂರಿಸುತ್ತ ಕೂರಬೇಕು. ಎಲ್ಲ ಸರಿಯಾಗಿ ನಡೆದು ಕೊನೆಯ ಫ್ಲಾಪಿಗೆ ಬಂದಾಗ ಅದೇ ಹಾಳಾಗಿರುತ್ತಿತ್ತು. ಮತ್ತೆ ಮೈಸೂರಿನ ಬಸ್ಸು ಹತ್ತುವುದು.

ಬನ್ನೂರಿನ ಒಬ್ಬ ಅಕ್ಕಿ ಗಿರಣಿ ಮಾಲೀಕರು ಆಯುಧಪೂಜೆಯ ಮಾರನೆಯ ದಿನ ಕರೆಸಿದ್ದರು. ಮಿಷನ್ನಿಗೆ ಕುಂಕುಮ, ವಿಭೂತಿ, ಚೆಂಡುಹೂವಿನ ಹಾರ ಎಲ್ಲ ಆಗಿತ್ತು. ಫ್ಲಾಪಿ ಮಾತ್ರ ಒಳಕ್ಕೆ ಹೋಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಫ್ಲಾಪಿ ತೂರಿಸುವ ಸಂದಿನ ತುಂಬ ಅಕ್ಷತೆ. 'ನಾವ್ ಬೇಕಂತ ಆಕ್ನಿಲ್ಲ ಕಣ್ರೀ, ಮೇಲಿಂದ ಆಕ್ದಾಗ ಉದ್ರೋಗಿರ್ಬೇಕು' ಎಂದರು ಮಾಲೀಕರು. ಚಿಮಟದಿಂದ ಒಂದೊಂದೇ ಅಕ್ಕಿಕಾಳು ಹೆಕ್ಕಿ ತೆಗೆದೆ. ಅವರು ಅದನ್ನು ಕಸಕ್ಕೆ ಹಾಕಲು ಬಿಡದೆ, ಕೈಯೊಡ್ಡಿ ತೆಗೆದುಕೊಂಡು ತಲೆಯ ಮೇಲೆ ಹಾಕಿಕೊಂಡರು.

ನಮ್ಮ ಮೇಲಧಿಕಾರಿ ಮೂರ್ತಿ ಸಾಹೇಬರು ಬಾಯಿ ಬಿಟ್ಟರೆ ಬೈಗುಳ. ಆದರೂ ಅವರಿಂದ ಕಲಿತದ್ದೊಂದು ಕೊನೆಯವರೆಗೂ ನನ್ನ ಕೈ ಬಿಡಲಿಲ್ಲ. 'ಏನ್ ಮಾಡಿದ್ರಿ ಅಂತ ಯಾವತ್ತೂ ಕೇಳ್ಬೇಡ ಕಣಯ್ಯ. ಏನೂ ಮಾಡಿಲ್ಲ ಅಂತಾರೆ. ಏನಾಯ್ತು ಅಂತ ಕೇಳು, ಕಥೆಯಷ್ಟೂ ಹೇಳ್ತಾರೆ' ಎನ್ನುತ್ತಿದ್ದರು. ಹೊಸಬರು ಇದೊಂದನ್ನು ಇಟ್ಟುಕೊಂಡರೆ ಅರ್ಧ ಕೆಲಸ ಕಲಿತ ಹಾಗೆ.

ಎರಡು ಸಾವಿರದ ಈಚೆಗೆ ಊರೂರಿಗೆ ಇಂಟರ್ನೆಟ್ ಬಂತು. ಅದರ ಹಿಂದೆಯೇ ಅಪ್‌ಡೇಟ್ ಎಂಬ ಪೀಡೆ ಬಂತು. ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರಿಗೆ ಅದನ್ನು ಮಾಡಿದವರು ತೇಪೆ ಕಳಿಸುತ್ತಲೇ ಇರುತ್ತಾರೆ. ಮಿಷನ್ ತಾನೇ ಅದನ್ನು ಇಳಿಸಿಕೊಂಡು ತಾನೇ ಹಾಕಿಕೊಳ್ಳುತ್ತದೆ. ಹಾಕಿಕೊಳ್ಳುವಾಗ, ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತದೆ. ಯಾರು ಕೇಳಬೇಕು? ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವನೊಬ್ಬ, ಗಿರಾಕಿ ಬಂದ ಕೂಡಲೇ ಪ್ಲಗ್ ಕಿತ್ತು ಮತ್ತೆ ಚುಚ್ಚುತ್ತಿದ್ದ. ಯಾಕಪ್ಪ ಎಂದರೆ, 'ಸೋಸ್ಲೆ ಬಸ್ ಒರಡ್ತಾ ಇತ್ತು ಸಾ, ಜನ ಕಾಯ್ತಾರಾ' ಎಂದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಬೈದೆ. ಬೈದು, ಮಿಷನ್ ಪಕ್ಕದಲ್ಲಿ ಕೂತು ಕಾದೆ. ಕಾಯಬೇಕಾದವನು ಕೊನೆಗೂ ನಾನೇ ತಾನೆ.

ಇನ್ನು ಮಹದೇವಸ್ವಾಮಿಯವರ ವಿಷಯ ಹೇಳುತ್ತೇನೆ. ಇಷ್ಟು ಬರೆಯಲು ಕೂತದ್ದೂ ಅವರಿಂದಲೇ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವರು ಟೆಲಿಫೋನ್ ಆಪರೇಟರ್. ಊರು ಅದೇ ತಾಲ್ಲೂಕಿನ ಹದಿನಾರು ಎಂಬ ಹಳ್ಳಿ. ಹುಟ್ಟಿದಾಗಿನಿಂದ ಕಣ್ಣು ಕಾಣದು. ಎಲ್ಲರ ಬಾಯಲ್ಲೂ ಮಾದೇವಣ್ಣ. ಹೊರಗಿನಿಂದ ಬಂದ ಕರೆಯನ್ನು ಬೇಕಾದವರಿಗೆ ಜೋಡಿಸಿಕೊಡುವುದು ಅವರ ಕೆಲಸವಾಗಿತ್ತು. ಆಮೇಲೆ ತಾನೇ ಜೋಡಿಸಿಕೊಳ್ಳುವ ಫೋನ್ ಪೆಟ್ಟಿಗೆ ಬಂತು. ಆಪರೇಟರಿಗೆ ಕೆಲಸವಿಲ್ಲದಂತಾಯಿತು. ಆಡಳಿತದವರು ಒಂದು ಅವಕಾಶ ಕೊಟ್ಟರು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಹಾಕಿದ ಕಂಪ್ಯೂಟರೊಂದನ್ನು ಅವರ ಮೇಜಿಗೆ ಇಟ್ಟರು. ಅದರಲ್ಲಿ ಮೇಲ್ ನೋಡಿ ಉತ್ತರ ಕೊಡಬೇಕು, ಲಾರಿಗಳು ಬಂದ ಹೋದ ವಿವರ ಟೈಪ್ ಮಾಡಬೇಕು. ಹೆಡ್ ಆಫೀಸಿನವರು ಬಂದು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಸ್ವಯಂ ನಿವೃತ್ತಿ ಬರೆದುಕೊಟ್ಟು ಮನೆಗೆ. ಪಾಪ, ಮೈಸೂರಿಗೆ ಬಸ್ಸಿನಲ್ಲಿ ಓಡಾಡಿ ತರಬೇತಿ ಮುಗಿಸಿಕೊಂಡು ಬಂದಿದ್ದರು.

ಆದರೆ ಅವರ ಮಿಷನ್ ಪದೇ ಪದೇ ಕೆಡುತ್ತಿತ್ತು. ಸೋಮವಾರ ಹೆಡ್ ಆಫೀಸಿನವರು ಬರುವುದಿತ್ತು, ಶನಿವಾರ ನನ್ನನ್ನು ಕರೆಸಿದರು. ಮ್ಯಾನೇಜರ್ ತಮ್ಮ ಕೋಣೆಯ ಬಾಗಿಲಲ್ಲೇ ಹಿಡಿದು, 'ಅವರ ಕೈಲಿ ಇದೆಲ್ಲ ಆಗಲ್ಲ ಬಿಡ್ರೀ. ಏನೋ ಪಾಪ ಅಂತ ಕೊಟ್ವಿ. ಏನೇನೋ ಒತ್ತಿ ಕೆಡಿಸಿಡ್ತಾರೆ' ಎಂದರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಮೇಲಿನವರ ಭಯ.

ಮಾದೇವಣ್ಣನ ಮೇಜಿನ ಮೇಲೆ ಕೀಬೋರ್ಡ್ ಇತ್ತು, ಸ್ಪೀಕರ್ ಇತ್ತು, ಸಿಪಿಯು ಡಬ್ಬ ಇತ್ತು, ಹಳೆಯ ಕಪ್ಪು ಫೋನ್ ಇತ್ತು. ಮಾನಿಟರ್ ಇರಲಿಲ್ಲ.

'ಮಾನಿಟರ್ ಎಲ್ಲಿ?' ಎಂದೆ.

'ಅಕೌಂಟ್ಸ್‌ಗೆ ತಕ್ಕಂಡೋದ್ರು ಸಾ. ಗಿರಿಜಾ ಮೇಡಂದು ಸುಟ್ಟೋಗಿತ್ತಂತೆ. ನಂಗ್ಯಾಕೆ ಅದು, ತಕ್ಕಂಡೋಗಿ ಅಂದೆ ನಾನೂವೆ.'

ಮೂರ್ತಿ ಸಾಹೇಬರು ನೆನಪಾದರು. 'ಏನಾಯ್ತು ಹೇಳಿ' ಎಂದೆ.

'ಬೆಳಗ್ಗೆ ಆನ್ ಮಾಡ್ದೆ ಸಾ. ದಿನಾ ಆದ್ರೆ ಒಂದ್ಸಲ ಟಣ್ ಅಂದು ಆಮೇಲೆ ಮಾತಾಡ್ತದೆ. ಇವತ್ತು ಮಾತಾಡ್ನಿಲ್ಲ. ಕಾದೆ. ಕಾಫಿ ಬತ್ತು, ಕುಡ್ದೆ. ಆಗ್ಲೂ ಮಾತಾಡ್ನಿಲ್ಲ. ಸುಮ್ಕಾಗ್ಬುಟ್ಟದೆ ಅಂದ್ರೆ ಆಫಾಗ್ಬುಟ್ಟದೆ ಅಂತ ತಾನೆ? ಬಟನ್ ಒತ್ಬುಟ್ಟೆ.'

ಅಕೌಂಟ್ಸ್ ವಿಭಾಗದಿಂದ ಮಾನಿಟರ್ ಹೊತ್ತು ತಂದು ಜೋಡಿಸಿ, ಮಿಷನ್ ಆನ್ ಮಾಡಿದೆ. ಅಪ್‌ಡೇಟ್ ಅರ್ಧಕ್ಕೆ ನಿಂತಿತ್ತು. ಕಂಪ್ಯೂಟರ್ ಆಫ್ ಮಾಡಬೇಡಿ ಎಂಬ ಸಾಲು ಪರದೆಯ ಮೇಲೆ ಬಿಳಿಯಾಗಿ ಹೊಳೆಯುತ್ತಿತ್ತು. ಅಪ್‌ಡೇಟ್ ಮುಗಿಯುವವರೆಗೆ, ಓದಿ ಹೇಳುವ ಸಾಫ್ಟ್‌ವೇರಿಗೆ ಇನ್ನೂ ಎಚ್ಚರವೇ ಆಗಿರುವುದಿಲ್ಲ. ಅದು ಹೇಗೆ ಮಾತಾಡೀತು? ಮಾದೇವಣ್ಣನಿಗೆ ಈ ಸಾಲು ಕಾಣದು. ಕಾಣುವವರು ಪರದೆಯನ್ನೇ ಎತ್ತಿಕೊಂಡು ಹೋಗಿದ್ದರು. ಆಫೀಸಿನ ತುಂಬ ಕಣ್ಣಿದ್ದವರು ಓಡಾಡುತ್ತಿದ್ದರೂ, ಆ ಮನುಷ್ಯ ಪ್ರತಿಸಲವೂ ನಡೆಯುತ್ತಿದ್ದ ಮಿಷನ್ನನ್ನು ತಾನೇ ಕೊಂದು, ನನ್ನಿಂದಾಗದು ಎಂದು ತಲೆ ತಗ್ಗಿಸಿ ಕೂತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಹೇಗೋ ಹಳೆಯ ಸ್ಥಿತಿಗೆ ಮರಳಿಸಿ, ಡಿಸ್ಕ್ ಪರೀಕ್ಷೆ ಮಾಡಿ, ಅರ್ಧ ಸೇರಿದ್ದ ತೇಪೆಗಳನ್ನು ತೆಗೆದುಹಾಕಿದೆ. ಅದಕ್ಕೆ ಸಂಜೆಯಾಯಿತು. ಅಷ್ಟು ಹೊತ್ತೂ ಅವರು ಪಕ್ಕದಲ್ಲೇ ಕೂತಿದ್ದರು.

'ನಿಜ ಏಳಿ ಸಾ, ನಂದೇ ತಪ್ಪಾ?'

'ನಿಮ್ಮದಲ್ಲ. ಇಲ್ಲಿ ಬರೆದಿದ್ದನ್ನು ಯಾರೂ ನಿಮಗೆ ಓದಿ ಹೇಳಲಿಲ್ಲ, ಅಷ್ಟೆ.'

ಅವರು ಕೀಬೋರ್ಡಿನ ಮೇಲೆ ಕೈಯಾಡಿಸಿದರು. 'ದುಡ್ಡು ಕೊಟ್ಟು ಮನೇಗ್ ಕಳಿಸ್ತಾರೆ ಸಾ, ಉಪಾಸ ಏನಿರಲ್ಲ. ಆದ್ರೆ ಮನೇಲಿ ಕೂತ್ರೆ ನಾನು ಬರೀ ಕುರುಡ. ಇಲ್ಲಿ ಆಪರೇಟ್ರು' ಎಂದರು.

ಮಿಷನ್ ಸುಮ್ಮನಿದ್ದರೂ ಒಳಗೆ ಕೆಲಸ ನಡೆಯುತ್ತಿದೆಯೇ ಎಂದು ತಿಳಿಯುವ ನನ್ನ ಉಪಾಯವನ್ನು ಅವರಿಗೆ ಹೇಳಿಕೊಟ್ಟೆ. ಒಳಗಿನ ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಕರ್ ಕರ್ ಎಂದು ಕೆರೆಯುತ್ತದೆ. ಆ ಸದ್ದು ಏರುಪೇರಾಗಿ, ಬಿಟ್ಟು ಬಿಟ್ಟು ಬಂದರೆ ಕೆಲಸ ನಡೆಯುತ್ತಿದೆ. ಒಂದೇ ತಾಳದಲ್ಲಿ ಬಂದರೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಬರಿಯ ಫ್ಯಾನಿನ ಗುಂಯ್ ಮಾತ್ರ ಇದ್ದರೆ ನಿಂತಿದೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ಡಬ್ಬಕ್ಕೆ ಕಿವಿಕೊಟ್ಟು ವರ್ಷಾನುಗಟ್ಟಲೆ ಕೂತು ಬಂದದ್ದು. ಮಾದೇವಣ್ಣ ಡಬ್ಬಕ್ಕೆ ಕಿವಿಯಿಟ್ಟು ಕೇಳಿದರು. ಪಕ್ಕದ ಶೆಡ್ಡಿನಲ್ಲಿ ಪ್ಯಾಕಿಂಗ್ ಮಿಷನ್ ಧಡ್ ಧಡ್ ಎನ್ನುತ್ತಿತ್ತು.

'ಎಲ್ಲಾ ಒಂದೇ ತರ ಕೇಳ್ತದೆ ಸಾ. ಕಣ್ಣಿಲ್ದೋರ್ಗೆ ಕಿವಿ ಚುರುಕು ಅಂತಾರಲ್ಲ, ಅದೆಲ್ಲಾ ಸುಳ್ಳು. ನಂಗೂ ನಿಮ್ಮಂಗೇ ಎರಡೇ ಕಿವಿ' ಎಂದು ನಕ್ಕರು.

ಹೊರಡುವ ಮುಂಚೆ ಎರಡು ಕೆಲಸ ಮಾಡಿದೆ. ಅಪ್‌ಡೇಟ್ ಪೂರ್ತಿ ನಿಲ್ಲಿಸಲು ಹೆಡ್ ಆಫೀಸಿನ ಅಪ್ಪಣೆ ಇರಲಿಲ್ಲವಾದ್ದರಿಂದ, ಯಾರೂ ಇಲ್ಲದ ಭಾನುವಾರ ಅದು ನಡೆಯುವ ಹಾಗೆ ಹೊಂದಿಸಿ, ಮಿಷನ್ ಆಫ್ ಮಾಡದೆ ಬಿಟ್ಟೆ. ಮ್ಯಾನೇಜರ್ ಹತ್ತಿರ ಹೋಗಿ, 'ಸಾರ್, ಮಾನಿಟರ್ ಅಲ್ಲೇ ಇರಲಿ. ಅದು ಅವರಿಗಲ್ಲ, ಪಕ್ಕದಲ್ಲಿ ಓಡಾಡುವವರಿಗೆ. ಯಾರಾದರೂ ಓದಿ ಹೇಳಬಹುದು' ಎಂದೆ. 'ಆಯ್ತು, ನೋಡೋಣ' ಎಂದರು. ನನ್ನ ಅನುಭವದಲ್ಲಿ 'ನೋಡೋಣ' ಎಂದರೆ ಆಗುವುದಿಲ್ಲ ಎಂದೇ ಅರ್ಥ. ಬಸ್ಸಿಗೆ ಹೊತ್ತಾಗಿತ್ತು, ವಾದ ಮಾಡುವ ತ್ರಾಣವೂ ಇರಲಿಲ್ಲ.

ಭಾನುವಾರ ಇಡೀ ದಿನ ಆ ಕಡೆ ಕರೆಂಟ್ ಇರಲಿಲ್ಲ. ಸೋಮವಾರ ಬೆಳಗ್ಗೆ ಅಕೌಂಟ್ಸಿನವರು ಅರ್ಜೆಂಟ್ ಕೆಲಸವೆಂದು ಮಾನಿಟರ್ ಎತ್ತಿಕೊಂಡು ಹೋದರು. ಮಾದೇವಣ್ಣ ಬಂದು ಮಿಷನ್ ಆನ್ ಮಾಡಿದರು. ನಿನ್ನೆ ತಪ್ಪಿದ ಅಪ್‌ಡೇಟನ್ನು ಅದು ಇಂದು ಹಿಡಿದುಕೊಂಡಿತು. ತಾನಾಗಿ ಒಮ್ಮೆ ಆಫ್ ಆಗಿ, ಆನ್ ಆಗಿ, ಸುಮ್ಮನಾಯಿತು.

ನಾನಾಗ ಟಿ. ನರಸೀಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಮೇಜಿನ ಕೆಳಗಿದ್ದೆ. ಅಲ್ಲಿಯೂ ಅದೇ ರೋಗ. ಅಡ್ಮಿಷನ್ನಿಗೆ ಬಂದವರ ಸಾಲು ಹೊರಗೆ ಮೆಟ್ಟಿಲಿನವರೆಗೆ ನಿಂತಿತ್ತು. ಮೊಬೈಲ್ ಬಡಿದುಕೊಂಡಿತು.

'ಸಾ, ಮಾದೇವಸ್ವಾಮಿ. ಸುಮ್ಕಾಗ್ಬುಟ್ಟದೆ.'

'ಯಾವಾಗಿನಿಂದ?'

'ಬಂದಾಗಿಂದ. ಮಾನಿಟರ್ರೂ ಮತ್ತೆ ತಕ್ಕಂಡೋದ್ರು. ಅವ್ರು ಗೇಟ್‌ಗೆ ಬಂದವ್ರಂತೆ. ಆಫ್ ಮಾಡಿ ಆನ್ ಮಾಡು ಅಂತಾವ್ರೆ ಮ್ಯಾನೇಜರ್ ಸಾಹೇಬ್ರು. ನನ್ ಬೆರಳು ಬಟನ್ ಮೇಲೇ ಅದೆ ಸಾ. ಒತ್ಲಾ?'

'ಕೈ ತೆಗೀರಿ' ಎಂದೆ. ಆದರೆ ಒತ್ತಬೇಡಿ ಎನ್ನಲು ನನಗೆ ಆಧಾರವೇನು? ಶನಿವಾರ ನಾನು ಸರಿಮಾಡಿದ ಮಿಷನ್ ನಿಜವಾಗಿಯೂ ನಿಂತಿರಬಹುದು. ಮಾನಿಟರ್ ತಂದು ನೋಡಿ ಎನ್ನುವುದಕ್ಕೂ ವ್ಯವಧಾನವಿರಲಿಲ್ಲ. ಆಗ ಅವರ ಕೈಯಲ್ಲಿದ್ದ ಫೋನ್ ನೆನಪಾಯಿತು.

'ಮಾದೇವಣ್ಣ, ಆ ರಿಸೀವರನ್ನು ಡಬ್ಬದ ಪಕ್ಕಕ್ಕೆ ಒತ್ತಿ ಹಿಡೀರಿ. ಯಾರೂ ಮಾತಾಡಬೇಡಿ.'

ಕಾಲೇಜಿನ ಹಿಂದಿನ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಮುಚ್ಚಿ, ಒಂದು ಕಿವಿಗೆ ಬೆರಳು ಇಟ್ಟುಕೊಂಡು ಇನ್ನೊಂದಕ್ಕೆ ಮೊಬೈಲ್ ಒತ್ತಿಕೊಂಡೆ. ಫ್ಯಾನಿನ ಗುಂಯ್ ಬಂತು. ಪ್ಯಾಕಿಂಗ್ ಮಿಷನ್ನಿನ ಧಡ್ ಧಡ್ ಬಂತು. ಮತ್ತೆ ಫ್ಯಾನು. ಬೇರೇನೂ ಇಲ್ಲ. ಇದ್ದಕ್ಕಿದ್ದಂತೆ ರಿಸೀವರ್ ಕಸಿದುಕೊಂಡ ಮ್ಯಾನೇಜರ್ ದನಿ ಕೇಳಿತು.

'ಏನ್ರೀ ಇದು, ಕಂಪ್ಯೂಟರಿಗೆ ಫೋನ್ ಹಿಡಿಸಿದ್ದೀರಿ? ಅವರು ಮೆಟ್ಟಿಲು ಹತ್ತುತ್ತಾ ಇದಾರೆ. ಆಫ್ ಮಾಡಿಸಲೋ ಬೇಡ್ವೋ?'

'ಸಾರ್, ಇನ್ನೊಂದು ಕ್ಷಣ ಡಬ್ಬಕ್ಕೇ ಹಿಡಿಯಲು ಬಿಡಿ. ಕಾಲಿಗೆ ಬೀಳ್ತೀನಿ' ಎಂದೆ. ನಾನು ಹಾಗೆ ಮಾತಾಡುವವನಲ್ಲ. ಬಾಯಿಗೆ ಬಂದುಬಿಟ್ಟಿತು.

ಮತ್ತೆ ಫ್ಯಾನು. ಆಮೇಲೆ, ಕರ್. ತಡೆದು, ಕರ್ ಕರ್. ಮತ್ತೆ ಸುಮ್ಮನೆ. ಮತ್ತೆ ಉದ್ದಕ್ಕೆ ಒಂದು ಕೆರೆತ. ತಾಳವಿರಲಿಲ್ಲ, ಏರುಪೇರು. ರೋಸಿಹೋಗುವಷ್ಟು ಕೇಳಿದ್ದ ಸದ್ದು ಅದು. ಆವತ್ತು ಅದನ್ನು ಕೇಳಿ ಕಣ್ಣು ಒದ್ದೆಯಾಯಿತು.

'ನಡೀತಾ ಇದೆ ಮಾದೇವಣ್ಣ. ಮುಟ್ಟಬೇಡಿ' ಎಂದು ಅವರಿಗೆ ಕೇಳುವ ಹಾಗೆ ಕೂಗಿದೆ.

'ದಿಟ್ವಾಗ್ಲೂ?'

'ದಿಟ.'

'ಫೋನ್ ಮಡಗ್ಬ್ಯಾಡಿ ಸಾ.'

ಇಡಲಿಲ್ಲ. ಮ್ಯಾನೇಜರ್ ಬಂದವರನ್ನು ಮೊದಲು ಶೆಡ್ ನೋಡಿ ಬರೋಣ ಎಂದು ಕರೆದುಕೊಂಡು ಹೋದದ್ದು ಕೇಳಿಸಿತು. ಇತ್ತ ಕಾಲೇಜಿನ ಸೂಪರಿಂಟೆಂಡೆಂಟ್ ಸ್ಟೋರ್ ರೂಮಿನ ಬಾಗಿಲು ತೆರೆದು, ಮೂಟೆಗಳ ನಡುವೆ ಕಿವಿಗೆ ಬೆರಳಿಟ್ಟುಕೊಂಡು ನಿಂತ ನನ್ನನ್ನು ನೋಡಿದರು. 'ಆಯ್ತಾ?' ಎಂದರು. 'ಆಗ್ತಾ ಇದೆ' ಎಂದೆ. ಅವರು ಕೇಳಿದ್ದು ಒಂದು ಮಿಷನ್ನಿನ ವಿಷಯ, ನಾನು ಹೇಳಿದ್ದು ಇನ್ನೊಂದರದು.

ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಫೋನಿನಲ್ಲಿ ಟಣ್ ಎಂದಿತು. ಆಮೇಲೆ ಆ ಸಾಫ್ಟ್‌ವೇರಿನ ಒಣಗಿದ ಇಂಗ್ಲಿಷ್ ದನಿ ಶುರುವಾಯಿತು.

'ಸಾ, ಮಾತಾಡ್ತು' ಎಂದರು ಮಾದೇವಣ್ಣ. ಆಪರೇಟರಾದವನು ಎದುರಿನವರು ಇಡುವ ಮೊದಲು ಫೋನ್ ಇಡಬಾರದು ಎಂಬುದು ಅವರ ಕಟ್ಟುನಿಟ್ಟು. ಆವತ್ತು ಮಾತ್ರ ನನ್ನನ್ನು ಕೇಳದೆ ಇಟ್ಟುಬಿಟ್ಟರು.

ಬಂದವರು ಅವರಿಂದ ಒಂದು ಮೇಲ್ ಓದಿಸಿದರು, ಒಂದು ಉತ್ತರ ಟೈಪ್ ಮಾಡಿಸಿದರು, ಊಟಕ್ಕೆ ಹೋದರು. ಕೆಲಸ ಉಳಿಯಿತು.

ಮಾನಿಟರ್ ಮಾತ್ರ ಅಕೌಂಟ್ಸಿನಿಂದ ವಾಪಸು ಬರಲೇ ಇಲ್ಲ. ಹೇಳಿ ಹೇಳಿ ನನಗೂ ಸಾಕಾಯಿತು. ಹಾಗಾಗಿ ಆಮೇಲೆ ಮಿಷನ್ ಸುಮ್ಮನಾದಾಗಲೆಲ್ಲ ಮಾದೇವಣ್ಣ ನನಗೆ ಫೋನ್ ಮಾಡಿ, ರಿಸೀವರನ್ನು ಡಬ್ಬಕ್ಕೆ ಹಿಡಿಯುತ್ತಿದ್ದರು. ಬಸ್ಸಿನಲ್ಲಿ ನಿಂತು ಕೇಳಿದ್ದೇನೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು, ಎಡಗೈಯಲ್ಲಿ ಮೊಬೈಲ್ ಹಿಡಿದು ಕೇಳಿದ್ದೇನೆ. 'ನಡೀತಾ ಇದೆ' ಎಂದರೆ ಅವರು ಕಾಯುತ್ತಿದ್ದರು. 'ನಿಂತಿದೆ, ಒತ್ತಿ' ಎಂದರೆ ಒತ್ತುತ್ತಿದ್ದರು. ಇದು ಕಂಪನಿಯ ಯಾವ ಲೆಕ್ಕಕ್ಕೂ ಸೇರಿದ ಕೆಲಸವಲ್ಲ. ಬೇಸರವಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಫೋನ್ ಬರದ ತಿಂಗಳು ಏನೋ ಕಳೆದುಕೊಂಡಂತೆಯೂ ಆಗುತ್ತಿತ್ತು.

ಕೊನೆಕೊನೆಗೆ ಕೆಲಸದ ರೀತಿಯೇ ಬದಲಾಯಿತು. ಬೆಂಗಳೂರಿನಲ್ಲಿ ಕೂತವರು ಅಲ್ಲಿಂದಲೇ ಇಲ್ಲಿಯ ಮಿಷನ್ನಿನೊಳಗೆ ಕೈಹಾಕಿ ಸರಿಮಾಡತೊಡಗಿದರು. ಬಸ್ಸು ಹತ್ತುವ ಅಗತ್ಯ ಕಡಿಮೆಯಾಯಿತು, ನನ್ನ ಅಗತ್ಯವೂ. ಸೊಂಟ ಹಿಡಿದುಕೊಂಡು ನಿವೃತ್ತನಾದೆ. ಹಾರ ಹಾಕಿ, ಮೈಸೂರು ಪೇಟ ತೊಡಿಸಿ ಕಳಿಸಿದರು. ಮನೆಯಲ್ಲಿ ಕೂತೆ. ಮೊದಲು ನಿದ್ದೆ ಮಾಡಿದೆ. ಆಮೇಲೆ ಯಾರಿಗೂ ಫೋನ್ ಮಾಡಬೇಕೆನಿಸಲಿಲ್ಲ, ಯಾರದೂ ಬರಲಿಲ್ಲ. ಏಳುವುದೂ ಬೇಡ, ಉಣ್ಣುವುದೂ ಬೇಡ ಎನ್ನುವಂಥ ದಿನಗಳು. ಹೆಂಡತಿ ಮಾತಾಡಿಸಿದರೆ ಹೂಂ ಎನ್ನುತ್ತಿದ್ದೆ.

ಒಂದು ಬೆಳಗ್ಗೆ ಫೋನ್ ಬಂತು.

'ಸಾ, ಮಾದೇವಸ್ವಾಮಿ.'

'ಸುಮ್ಮನಾಯ್ತಾ? ಡಬ್ಬಕ್ಕೆ ಹಿಡೀರಿ' ಎಂದೆ, ಅಭ್ಯಾಸಬಲ.

'ಇಲ್ಲ ಸಾ. ಒಸ ಮಿಷನ್ ಬಂದದೆ, ಸದ್ದೇ ಇಲ್ಲ. ಅಪ್‌ಡೇಟೆಲ್ಲಾ ಬೆಂಗ್ಳೂರೋರೇ ಮಾಡ್ಕತಾರೆ, ನಾನ್ ಬರೋ ಒತ್ಗೆ ಮುಗ್ದಿರ್ತದೆ. ನಿಮ್ಗೆ ಫೋನ್ ಮಾಡೋ ಕೆಲ್ಸ ಇಲ್ಲ ಈಗ.'

'ಮತ್ತೆ ಯಾಕೆ ಮಾಡಿದಿರಿ?'

'ನೀವೂ ಸುಮ್ಕಾಗ್ಬುಟ್ರಲ್ಲ ಸಾ' ಎಂದರು. 'ಅದ್ಕೆ, ಕೇಳವ ಅಂತ.'

ಫೋನನ್ನು ಕಿವಿಗೆ ಒತ್ತಿಕೊಂಡೆ. ಅತ್ತ ಪ್ಯಾಕಿಂಗ್ ಮಿಷನ್ ಧಡ್ ಧಡ್ ಎನ್ನುತ್ತಿತ್ತು. ಈಚೆ ನನ್ನ ಉಸಿರನ್ನು ಅವರು ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು.

'ನಡೀತಾ ಇದೆ ಮಾದೇವಣ್ಣ' ಎಂದೆ ಕೊನೆಗೆ.

'ಸರಿ ಸಾ. ಕಾಯ್ತೀನಿ' ಎಂದರು. ನಾನು ಇಡಲಿ ಎಂದು ಅವರು ಫೋನ್ ಹಿಡಿದೇ ಇದ್ದರು. ನಾನೂ ಇಡಲಿಲ್ಲ.